ಆಗುಂಬೆಯ ಮಂಜು, ಗಾಜಿನ ಮಂಜು

ಮಳೆಗಾಲದಲ್ಲಿ ಆಗುಂಬೆಗೆ ಹೋಗುವವರಲ್ಲಿ ಎರಡು ಬಗೆ. ಮಳೆಯನ್ನು ನೋಡಲೆಂದೇ ಹೋಗುವ ರಸಿಕರು ಒಂದು ಬಗೆ. ಹೋಗದೆ ವಿಧಿಯಿಲ್ಲವಾಗಿ ಹೋಗುವ ನನ್ನಂಥವರು ಇನ್ನೊಂದು. ಮಣಿಪಾಲದಲ್ಲಿ ತಂದೆಯವರ ಕಣ್ಣಿನ ಪರೀಕ್ಷೆಗೆ ಮರುದಿನ ಬೆಳಗಿನ ಒಂಬತ್ತು ಗಂಟೆ ಗೊತ್ತಾಗಿತ್ತು. ಒಂದು ಕಣ್ಣು ಆಗಲೇ ಮಸುಕು. ಇನ್ನೊಂದೂ ಅದೇ ದಾರಿ ಹಿಡಿಯುವ ಮುನ್ನ ತೋರಿಸಬೇಕೆಂಬ ಆತುರ. ಹೀಗಾಗಿ ಆಷಾಢದ ಒಂದು ಮಧ್ಯಾಹ್ನ ನಾನು, ನನ್ನಾಕೆ, ಆರು ವರ್ಷದ ಮಗಳು ಹಾಗೂ ಮುಂದಿನ ಆಸನದಲ್ಲಿ ತಂದೆಯವರು, ಇಷ್ಟು ಮಂದಿ ಶಿವಮೊಗ್ಗೆಯಿಂದ ಕಾರಿನಲ್ಲಿ ಹೊರಟೆವು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯವರೆಗೆ ಸುಮಾರು ಅರವತ್ತು ಕಿಲೋಮೀಟರು. ಗಾಜನೂರಿನ ಅಣೆಕಟ್ಟನ್ನೂ ಸಕ್ರೆಬೈಲಿನ ಆನೆಗಳ ಬಿಡಾರವನ್ನೂ ದಾಟಿದ ಮೇಲೆ ತುಂಗೆ ಆಗಾಗ ಮರಗಳ ಸಂದಿಯಿಂದ ಮುಖ ತೋರಿಸುತ್ತಾಳೆ. ಆ ದಿನ ಅವಳ ಮೈಬಣ್ಣ ಕೆಮ್ಮಣ್ಣಿನದು. ಮಂಡಗದ್ದೆಯಲ್ಲಿ ಹೊಳೆಯ ನಡುವಣ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳು ಬಿಳಿಯ ಹೂಗಳಂತೆ ಕುಳಿತಿದ್ದವು. ಮಗಳ ಹಟಕ್ಕೆ ಮಣಿದು ಎಲ್ಲರೂ ಇಳಿದೆವು. ಇದ್ದ ಕೊಡೆ ಒಂದೇ. ಮರಳಿ ಕಾರನ್ನು ಹೊಕ್ಕಾಗ ನಾಲ್ವರ ಬಟ್ಟೆಗಳಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಅನರ್ಥಕ್ಕೆ ಅದೇ ನಾಂದಿ.

ತೀರ್ಥಹಳ್ಳಿ ಕಳೆದು ಮೇಗರವಳ್ಳಿಯ ಕಡೆಗೆ ಸಾಗುವಾಗ ಮಳೆಯ ದನಿಯೇ ಬೇರೆಯಾಯಿತು. ಮೈದಾನದ ಮಳೆಗೆ ಹನಿಗಳುಂಟು, ಮಲೆನಾಡಿನ ಮಳೆಗೆ ಎಳೆಗಳು. ಇಬ್ಬದಿಯ ಕಾಡು ಕಪ್ಪಾಗಿ ಹತ್ತಿರ ಸರಿಯಿತು. ಅಷ್ಟರಲ್ಲಿ ಕಾರಿನ ಮುಂಗಾಜಿನ ಕೆಳ ಅಂಚಿನಿಂದ ಬಿಳಿಯ ತೆರೆಯೊಂದು ಮೆಲ್ಲನೆ ಏರತೊಡಗಿತು. ವೈಪರನ್ನು ಜೋರು ಮಾಡಿದೆ, ಪ್ರಯೋಜನವಾಗಲಿಲ್ಲ. ಚಳಿಯಾಯಿತೆಂದು ಎ.ಸಿ. ಆರಿಸಿ ಬಿಸಿಗಾಳಿಯನ್ನು ಬಿಟ್ಟೆ. ತೆರೆ ಇನ್ನೂ ದಟ್ಟವಾಯಿತು. ಒಂದು ತಿರುವಿನಲ್ಲಿ ಎದುರಿನಿಂದ ಬಂದ ಬಸ್ಸು ನನಗೆ ಕಂಡದ್ದು ಬಸ್ಸಾಗಿ ಅಲ್ಲ, ಎರಡು ಹಳದಿ ಕಲೆಗಳಾಗಿ. ಹಾರನ್ನಿನ ಆರ್ಭಟ, ಮಗಳ ಚೀರು, ಎಡಗಡೆಯ ಚರಂಡಿಯ ಅಂಚಿನಲ್ಲಿ ನಿಂತ ನಮ್ಮ ಕಾರು: ಇವು ಮೂರೂ ಒಂದೇ ಕ್ಷಣದ ನೆನಪುಗಳು. ಬಸ್ಸು ಒಂದು ಗೇಣಿನ ಅಂತರದಲ್ಲಿ ಹಾದುಹೋಯಿತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ನನ್ನಾಕೆ ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಒಂದು ಪುಸ್ತಕವನ್ನು ಹೊರತೆಗೆದಳು. ಕಾರಿನೊಂದಿಗೆ ಬಂದ ಕೈಪಿಡಿ. ಕೊಂಡು ಐದು ವರ್ಷವಾಗಿದ್ದರೂ ಅದರ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ. ಹಳಗನ್ನಡ ಗ್ರಂಥಗಳ ಪಾಠಾಂತರಗಳನ್ನು ತಿಂಗಳುಗಟ್ಟಲೆ ಸೋಸುವ ನಾನು, ನಾಲ್ಕು ಜೀವಗಳನ್ನು ಹೊತ್ತೊಯ್ಯುವ ಯಂತ್ರದ ಗ್ರಂಥವನ್ನು ಬಿಚ್ಚಿಯೂ ನೋಡಿರಲಿಲ್ಲ!

ಅವಳು ಓದಿದಂತೆ ಗುಟ್ಟು ತಿಳಿಯಾಯಿತು. ಒದ್ದೆ ಬಟ್ಟೆಗಳೂ ನಾಲ್ವರ ಉಸಿರೂ ಸೇರಿ ಒಳಗಿನ ಗಾಳಿಯಲ್ಲಿ ತೇವ ತುಂಬಿತ್ತು. ಹೊರಗಿನ ಮಳೆ ಗಾಜನ್ನು ತಣಿಸಿತ್ತು. ತಣ್ಣೀರಿನ ತಂಬಿಗೆಯ ಮೈ ಬೆವರುವಂತೆ ಗಾಜು ಒಳಗಿನಿಂದ ಬೆವರಿತ್ತು. ಗಾಳಿಗುಂಡಿಗಳ ಸಾಲಿನಲ್ಲಿ ಕಾರಿನ ಚಿತ್ರದೊಳಗೆ ಸುತ್ತಿ ಬರುವ ಬಾಣವುಳ್ಳ ಗುಂಡಿಯೊಂದಿದೆ. ಶಿವಮೊಗ್ಗೆಯ ಪೇಟೆಯಲ್ಲಿ ಲಾರಿಯ ಹೊಗೆ ಬಾರದಿರಲೆಂದು ನಾನು ಅದನ್ನು ಒತ್ತಿದ್ದೆ. ಅದು ಹೊರಗಿನ ಗಾಳಿಯನ್ನು ತಡೆದು ಒಳಗಿನದನ್ನೇ ತಿರುತಿರುಗಿ ಸುತ್ತಿಸುವ ಗುಂಡಿ. ಎರಡು ಗಂಟೆಗಳ ಕಾಲ ನಾವು ಉಸಿರಾಡಿದ್ದನ್ನೇ ಉಸಿರಾಡಿದ್ದೆವು. ಅಲ್ಲಿಯವರೆಗೆ ಎ.ಸಿ. ನಡೆಯುತ್ತಿದ್ದುದರಿಂದ ಆ ತೇವವೆಲ್ಲ ಹಿಂಗುತ್ತಿತ್ತು. ಚಳಿಗೆ ಹೆದರಿ ಅದನ್ನು ಆರಿಸಿದ್ದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಎ.ಸಿ. ಎಂದರೆ ತಂಪು ಮಾಡುವ ಯಂತ್ರವೆಂದಷ್ಟೇ ನಾವು ಬಲ್ಲೆವು. ಆದರೆ ಅದರ ಇನ್ನೊಂದು ಗುಣ ಗಾಳಿಯನ್ನು ಒಣಗಿಸುವುದು. ಗಾಳಿ ಅದರ ಶೀತಲವಾದ ಸುರುಳಿಗಳನ್ನು ಮುಟ್ಟಿದಾಗ ತೇವವೆಲ್ಲ ಅಲ್ಲಿಯೇ ನೀರಾಗಿ ಇಳಿದು, ಕೊಳವೆಯ ಮೂಲಕ ಕಾರಿನಡಿಗೆ ಸೋರುತ್ತದೆ. ಬೇಸಿಗೆಯಲ್ಲಿ ನಿಂತ ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗುವವರು ಕಾಣುವುದು ಈ ನೀರನ್ನೇ. ಹೀಗೆ ಒಣಗಿದ ಗಾಳಿಯನ್ನು ಬೆಚ್ಚಗೆ ಮಾಡಿ ಗಾಜಿಗೆ ಬಿಟ್ಟರೆ ಅದು ಬಾಯಾರಿದವನಂತೆ ಗಾಜಿನ ತೇವವನ್ನು ಹೀರಿಬಿಡುತ್ತದೆ. ಅವಳ ಅಪ್ಪಣೆಯಂತೆ ಬಾಣದ ಗುಂಡಿಯನ್ನು ಬಿಡಿಸಿ ಹೊರಗಾಳಿಗೆ ದಾರಿ ಕೊಟ್ಟೆ, ಗಾಜಿನ ಚಿತ್ರವಿರುವ ಕಡೆಗೆ ಗಾಳಿಯನ್ನು ತಿರುಗಿಸಿದೆ, ಎ.ಸಿ.ಯನ್ನೂ ಹಾಕಿ, ಉಷ್ಣದ ತಿರುಗುಗುಂಡಿಯನ್ನೂ ಕೆಂಪಿನ ಕಡೆಗೆ ತಿರುವಿದೆ.

“ಬಿಸೀನೂ ತಂಪೂ ಒಟ್ಟಿಗೆ ಹಾಕ್ತೀಯಲ್ಲೋ, ಇದೆಂಥ ಹುಚ್ಚು?” ಎಂದರು ತಂದೆಯವರು. ಅವರ ಅಂಬಾಸಿಡರಿನ ಕಾಲದಲ್ಲಿ ವೈಪರ್ ಕೈಕೊಟ್ಟರೆ ಬೀಡಿಯ ತಂಬಾಕನ್ನೋ ಕೊಯ್ದ ಆಲೂಗಡ್ಡೆಯನ್ನೋ ಗಾಜಿನ ಹೊರಮೈಗೆ ತಿಕ್ಕುತ್ತಿದ್ದರಂತೆ. ಒಳಗಿನ ತೇವಕ್ಕೆ ಕಿಟಕಿಯೇ ಗತಿ. ಅವರು ಮಾತು ಮುಗಿಸುವಷ್ಟರಲ್ಲಿ ಗಾಜಿನ ಬುಡದಲ್ಲಿ ಅಂಗೈಯಗಲದ ಎರಡು ಕಿಂಡಿಗಳು ತೆರೆದವು. ಒಂದೆರಡು ನಿಮಿಷದಲ್ಲಿ ರಸ್ತೆ, ಮರ, ಮಳೆ ಎಲ್ಲವೂ ಮರಳಿ ಬಂದವು.

ಆಗುಂಬೆಯನ್ನು ಮುಟ್ಟಿದಾಗ ಗಂಟೆ ಐದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಅದು. 1980ರ ದಶಕದಲ್ಲಿ ಶಂಕರ್‌ನಾಗ್ ಅವರು ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಕಿರುತೆರೆಗೆ ತಂದಾಗ ಈ ಊರಿನ ಬೀದಿಯೇ ಮಾಲ್ಗುಡಿಯಾಯಿತು. ಆ ಸಂಜೆ ಮಾತ್ರ ಬೀದಿಯೂ ಇರಲಿಲ್ಲ, ಊರೂ ಇರಲಿಲ್ಲ; ಮಂಜಿನ ನಡುವೆ ಒಂದು ಚಹದಂಗಡಿಯ ಬಲ್ಬು ಮಾತ್ರ ತೇಲುತ್ತಿತ್ತು. ತಂದೆಯವರು ಇಳಿಯಲೊಲ್ಲೆನೆಂದರು. ಅವರಿಗೆ ಗಾಳಿಯಿರಲೆಂದು ಎಂಜಿನ್ ಮಾತ್ರ ಆರಿಸಿ, ಕೀಲಿಯನ್ನು ಹಾಗೆಯೇ ಬಿಟ್ಟು, ಬ್ಲೋಅರನ್ನು ಜೋರಾಗಿಟ್ಟು ನಾವು ಅಂಗಡಿಯ ಬೆಂಚನ್ನು ಸೇರಿದೆವು. ಮಂಜಿಗಾಗಿ ಹಾಕಿದ್ದ ಹೆಡ್‌ಲೈಟು ಉರಿಯುತ್ತಲೇ ಇತ್ತು. ಬಿಸಿ ಚಹ, ಅದರ ಹಿಂದೆ ಇನ್ನೊಂದು. ಮುಕ್ಕಾಲು ಗಂಟೆ ಸರಿದುಹೋಯಿತು.

ಮರಳಿ ಬಂದು ಸೆಲ್ಫ್ ಹೊಡೆದರೆ ‘ಟಕ್’ ಎಂದಿತು. ಮತ್ತೊಮ್ಮೆ ‘ಟಕ್ ಟಕ್’. ಡ್ಯಾಶ್‌ಬೋರ್ಡಿನ ದೀಪಗಳು ಕಣ್ಣು ಮಿಟುಕಿಸಿ ಮಲಗಿದವು. ಲೆಕ್ಕ ಆಮೇಲೆ ಹಾಕಿದೆ. ಹೆಡ್‌ಲೈಟು ಎರಡೂ ಸೇರಿ 110 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಅದು 9 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಬ್ಲೋಅರಿನದು ಹೆಚ್ಚುಕಡಿಮೆ ಅಷ್ಟೇ. ಎಂಜಿನ್ ತಿರುಗುತ್ತಿದ್ದರೆ ಆಲ್ಟರ್ನೇಟರ್ ಈ ಸಾಲವನ್ನು ತೀರಿಸುತ್ತಿತ್ತು. ನಿಂತ ಎಂಜಿನ್ನಿನ ಮೇಲೆ ಐದು ವರ್ಷದ ಮುದಿ ಬ್ಯಾಟರಿ ಎಷ್ಟೆಂದು ಕೊಟ್ಟೀತು? ದೀಪಕ್ಕೆ ಸಾಲುವ ಶಕ್ತಿ ಸೆಲ್ಫ್‌ಗೆ ಸಾಲದು. ಅದಕ್ಕೆ ಆ ಒಂದು ಕ್ಷಣದಲ್ಲಿ ನೂರಾರು ಆಂಪಿಯರ್ ಬೇಕು. ತಂದೆಯವರ ಪಕ್ಕದ ಕಿಟಕಿ ಎರಡಂಗುಲ ಇಳಿದಿತ್ತು. ವಿದ್ಯುತ್ತಿನ ಕಿಟಕಿಯಾದ್ದರಿಂದ ಅದು ಏರಲಿಲ್ಲ; ಸಂದಿಗೆ ಟವೆಲ್ ತುರುಕಿದೆವು.

ಅಂಗಡಿಯಲ್ಲಿದ್ದ ನಾಲ್ವರು ತರುಣರು ತಳ್ಳಲು ಸಿದ್ಧರಾಗಿ ಬಂದರು. ಆದರೆ ನಮ್ಮದು ಕ್ಲಚ್ ಪೆಡಲ್ ಇಲ್ಲದ ಕಾರು. ಅಂಥದನ್ನು ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ. ಕತ್ತಲು ಇಳಿಯುತ್ತಿತ್ತು. ಮಗಳು ಅಳುವಿನ ಅಂಚಿನಲ್ಲಿದ್ದಳು. ಆಗ ಬಾಡಿಗೆ ಜೀಪಿನ ಚಾಲಕರೊಬ್ಬರು ಸೀಟಿನಡಿಯಿಂದ ಒಂದು ಜೊತೆ ದಪ್ಪ ಕೇಬಲ್ಲುಗಳನ್ನು ಎಳೆದು ತಂದರು. ಜೀಪಿನದೂ 12 ವೋಲ್ಟಿನ ಬ್ಯಾಟರಿಯೇ ಎಂದು ಮೊದಲು ಖಚಿತಪಡಿಸಿದರು. ಎರಡು ಗಾಡಿಗಳ ಮೈ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎರಡನ್ನೂ ಆರಿಸಿ, ಟಾರ್ಚ್ ಹಿಡಿದು ನಮ್ಮ ಬ್ಯಾಟರಿ ಬಿರಿದಿಲ್ಲ, ಉಬ್ಬಿಲ್ಲ, ಸೋರಿಲ್ಲ ಎಂಬುದನ್ನೂ ನೋಡಿದರು. ಕೆಂಪು ಕೇಬಲ್ಲಿನ ಒಂದು ತುದಿ ನಮ್ಮ ಬ್ಯಾಟರಿಯ ಧನಕ್ಕೆ, ಇನ್ನೊಂದು ಜೀಪಿನ ಧನಕ್ಕೆ. ಕಪ್ಪು ಕೇಬಲ್ಲು ಮೊದಲು ಜೀಪಿನ ಋಣಕ್ಕೆ. ಉಳಿದ ಕಪ್ಪು ತುದಿ ನನ್ನ ಕೈಯಲ್ಲಿತ್ತು. ನಮ್ಮ ಬ್ಯಾಟರಿಯ ಋಣಕ್ಕೆ ಅದನ್ನು ಸಿಕ್ಕಿಸಲು ಹೋದವನ ಮಣಿಕಟ್ಟನ್ನು ಅವರು ಗಟ್ಟಿಯಾಗಿ ಹಿಡಿದರು.

“ಅಲ್ಲಿ ಬೇಡ ಮಾರಾಯ್ರೆ! ಕೊನೇದು ಯಾವತ್ತೂ ಎಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟ್ರಿಯಿಂದ ದೂರ.”

ಕೊನೆಯ ತುದಿ ತಾಗುವಾಗ ಕಿಡಿ ಹಾರುವುದುಂಟು. ಸೀಸ ಮತ್ತು ಆಮ್ಲದ ಬ್ಯಾಟರಿ ಹೊರಬಿಡುವ ಜಲಜನಕಕ್ಕೆ ಆ ಕಿಡಿ ತಗುಲಿದರೆ ಬ್ಯಾಟರಿಯೇ ಸಿಡಿದು ಆಮ್ಲ ಮುಖಕ್ಕೆ ಎರಚಬಹುದು. ಕಣ್ಣಿನ ವೈದ್ಯರ ಬಳಿಗೆ ಹೊರಟ ಕುಟುಂಬದಲ್ಲಿ ರೋಗಿಗಳ ಸಂಖ್ಯೆ ಎರಡಾಗುತ್ತಿತ್ತು. ಎಂಜಿನ್ನಿನ ಬಣ್ಣವಿಲ್ಲದ ಒಂದು ಕೊಂಡಿಗೆ ಅದನ್ನು ಸಿಕ್ಕಿಸಿದೆ. ಸಣ್ಣದೊಂದು ಕಿಡಿ ಹಾರಿ ಆರಿತು.

ಜೀಪನ್ನು ಹತ್ತು ನಿಮಿಷ ನಡೆಸಿಟ್ಟು ಕಾಯುವಾಗ ಅವರು ಘಾಟಿಯಲ್ಲಿ ಕಂಡ ಕಥೆಗಳನ್ನು ಹೇಳಿದರು. ಫ್ಯೂಸ್ ಹೋಯಿತೆಂದು ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಹೊರಟವನ ಗಾಡಿ ಹೊತ್ತಿ ಉರಿದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಹತ್ತು ಆಂಪಿಯರಿನ ಜಾಗಕ್ಕೆ ಹತ್ತರದೇ ಫ್ಯೂಸ್, ಹದಿನೈದರ ಜಾಗಕ್ಕೆ ಹದಿನೈದರದೇ. ಮತ್ತೆ ಹೋದರೆ ತಪ್ಪು ಫ್ಯೂಸಿನದಲ್ಲ, ತಂತಿಯದು. ಸುಟ್ಟ ರಬ್ಬರಿನ ವಾಸನೆ ಬಂದರೆ ಸಾಮಾನಿನ ಆಸೆ ಬಿಟ್ಟು, ಗಾಡಿ ನಿಲ್ಲಿಸಿ, ಕೀಲಿ ಆರಿಸಿ, ಮಕ್ಕಳನ್ನು ಮೊದಲು ಇಳಿಸಬೇಕು. ಹೊಗೆ ಕಂಡಮೇಲೆ ಬಾನೆಟ್ ಎತ್ತಬಾರದು. ಗಾಳಿ ನುಗ್ಗಿ ಬೆಂಕಿ ಭಗ್ಗೆನ್ನುತ್ತದೆ. ಯಾವ ಪಾಠಪಟ್ಟಿಯಲ್ಲೂ ಇಲ್ಲದ ಈ ಪಾಠವನ್ನು ಕೊಡೆಯಡಿಯಲ್ಲಿ ನಿಂತು ವಿಧೇಯನಾಗಿ ಕೇಳಿದೆ.

“ಈಗ ಹೊಡೀರಿ ಸಾರ್.” ಹೊಡೆದೆ. ಎಂಜಿನ್ ಗುಡುಗಿತು. ಹಾಕಿದ ಕ್ರಮಕ್ಕೆ ವಿರುದ್ಧವಾಗಿ, ಎಂಜಿನ್ನಿನ ಮೇಲಿದ್ದ ಕಪ್ಪು ತುದಿಯಿಂದ ಮೊದಲ್ಗೊಂಡು ಕೇಬಲ್ಲುಗಳನ್ನು ಬಿಚ್ಚಿದರು. ಹಣ ನೀಡಲು ಹೋದರೆ ಕೈ ಆಡಿಸಿದರು. “ಮಣಿಪಾಲ ಮುಟ್ಟೋವರೆಗೆ ಆರಿಸಬೇಡಿ. ಹಿಂದಿನ ಗಾಜಿನ ಹೀಟರು, ಫೋನ್ ಚಾರ್ಜು ಎಲ್ಲ ತೆಗೀರಿ. ಮುಂದಿನ ಗಾಜಿನ ಗಾಳಿ ಮಾತ್ರ ನಿಲ್ಲಿಸಬೇಡಿ.”

ಆಗುಂಬೆಯ ಘಾಟಿಯಲ್ಲಿ ಹದಿನಾಲ್ಕು ತಿರುವುಗಳು. ಬಾನು ತಿಳಿಯಾಗಿದ್ದರೆ ಇಳಿಜಾರಿನ ಕಟ್ಟೆಯೊಂದರಿಂದ ಅರಬ್ಬೀ ಸಮುದ್ರದಲ್ಲಿ ಸೂರ್ಯ ಮುಳುಗುವುದು ಕಾಣುತ್ತದೆಂದು ಪ್ರಸಿದ್ಧಿ. ನಮಗೆ ಕಂಡದ್ದು ಹತ್ತು ಮಾರು ರಸ್ತೆ. ದೀಪವನ್ನು ಎತ್ತರಿಸಿದರೆ ಮಂಜು ಬಿಳಿಯ ಗೋಡೆಯಾಗಿ ಎದುರು ನಿಲ್ಲುತ್ತಿತ್ತು. ತಗ್ಗಿಸಿದರೆ ರಸ್ತೆಯ ಅಂಚು ತೋರುತ್ತಿತ್ತು. ತಗ್ಗಿಸಿಯೇ ಇಳಿದೆ, ಕೆಳಗಿನ ಗೇರಿನಲ್ಲಿ, ಪ್ರತಿ ತಿರುವಿಗೂ ಹಾರನ್ ಒತ್ತುತ್ತ. ಮಗಳು ತಿರುವುಗಳನ್ನು ಎಣಿಸುತ್ತಿದ್ದಳು, ಒಂಬತ್ತಕ್ಕೆ ನಿದ್ದೆಹೋದಳು. ಉಳಿದ ಐದನ್ನು ಎಣಿಸಿದವರು ತಂದೆಯವರು, ಮನಸ್ಸಿನಲ್ಲಿಯೇ.

ಸೋಮೇಶ್ವರದಲ್ಲಿ ಮಳೆ ನಿಂತಿತು. ಕರಾವಳಿಯ ಬೆವರು ಕಿಟಕಿಯ ಸಂದಿಯಿಂದ ಒಳನುಗ್ಗಿತು. ನನ್ನಾಕೆ ತಣ್ಣನೆಯ ಗಾಳಿ ಬೇಡಿದಳು. ಉಷ್ಣದ ಗುಂಡಿಯನ್ನು ನೀಲಿಯ ಕೊನೆಗೆ ತಿರುವಿದೆ. ಹೆಬ್ರಿ ಸಮೀಪಿಸುವಾಗ ಗಾಜು ಮತ್ತೆ ಬೆಳ್ಳಗಾಯಿತು. ಕಲಿತ ವಿದ್ಯೆಯೆಲ್ಲವೂ ಕೈಕೊಟ್ಟಿತೆಂದು ಎದೆ ಧಸಕ್ಕೆಂದಿತು. ಹೊರಗಾಳಿಯ ದಾರಿ ತೆರೆದೇ ಇತ್ತು, ಎ.ಸಿ. ನಡೆಯುತ್ತಿತ್ತು; ಬಟ್ಟೆಯಿಂದ ತಿಕ್ಕಿದರೂ ಹೋಗಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ, ಎಂಜಿನ್ ಆರಿಸದೆ.

ತಂದೆಯವರು ಕೈ ಚಾಚಿ ಗಾಜಿನ ಒಳಮೈಯನ್ನು ಬೆರಳಿನಿಂದ ಸವರಿದರು. “ಇಲ್ಲಿ ಒಣಗಿದೆಯಲ್ಲೋ. ನೀರಿರೋದು ಆಚೆ ಕಡೆ.”

ನಿಜ. ತಣ್ಣಗಿನ ಗಾಳಿ ನೇರವಾಗಿ ಬಡಿದು ಗಾಜು ತಣಿದಿತ್ತು; ಕರಾವಳಿಯ ಬೆಚ್ಚನೆಯ ಹಸಿಗಾಳಿ ಈಗ ಹೊರಗಿನಿಂದ ಬೆವರಿಳಿಸಿತ್ತು. ಮೇಲಿನ ಮದ್ದು ಇಲ್ಲಿ ರೋಗವಾಗಿತ್ತು. ವೈಪರನ್ನು ಎರಡು ಸಲ ಆಡಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ, ತಂಪನ್ನು ತಗ್ಗಿಸಿದೆ. ರಸ್ತೆ ತೆರೆದುಕೊಂಡಿತು. ಮುಂದೆ ಮಣಿಪಾಲದವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ.

ವಸತಿಗೃಹದಲ್ಲಿ ಊಟ ಮುಗಿಸಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ತಂದೆಯವರ ದನಿ ಕೇಳಿಸಿತು: “ಕಾರಿನ ಲೈಟು ಆರಿಸಿದ್ದೀಯೇನೋ?”

ಆರಿಸಿದ್ದೆ. ಆದರೂ ಎದ್ದು, ಕೊಡೆ ಹಿಡಿದು, ಎರಡು ಮಹಡಿ ಇಳಿದು ನೋಡಿಬಂದೆ.