ಚಿತ್ರ ಉಳಿಯಿತು, ಹೆಸರು?



ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳನ್ನು ಬೇಲೂರಿಗೆ ಕರೆದೊಯ್ದಿದ್ದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇಗುಲದ ಸೂರಿನ ಕೆಳಗೆ ನಿಂತು ಮದನಿಕೆಯರ ವಿಗ್ರಹಗಳನ್ನು ನೋಡುತ್ತಿದ್ದೆವು. ಮಾರ್ಗದರ್ಶಕರು ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿರುವುದನ್ನು ತಿಳಿಸಿದರು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಆಗ ಪುಟ್ಟ ಹುಡುಗಿಯೊಬ್ಬಳು, “ಫಾದರ್, ನಮ್ಮ ದೇವಾಲಯದ ಗೋಡೆಯ ಚಿತ್ರಗಳನ್ನು ಬರೆದವರು ಯಾರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಹೆಸರು ಬಲ್ಲ ಒಬ್ಬ ಚಿತ್ರಕಾರರ ಕಥೆಯನ್ನು ಅವರಿಗೆ ಹೇಳಿದೆ. ಅಂತೋನಿಯೊ ಮೊಸ್ಕೇನಿಯವರು 1854ರಲ್ಲಿ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ಟೆಜ್ಜಾನೊ ಎಂಬ ಊರಿನಲ್ಲಿ ಜನಿಸಿದರು. ಬೆರ್ಗಾಮೊದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆಯನ್ನು ಕಲಿತು, ರೋಮಿಗೆ ಹೋಗಿ ಅಲ್ಲಿನ ಮಹಾನ್ ಕೃತಿಗಳನ್ನು ಅಭ್ಯಾಸ ಮಾಡಿದರು. 1889ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಯೇಸುಸಭೆಯನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಸಹೋದರರಾಗಿಯೇ ಉಳಿದರು. ಕುಂಚವೇ ಅವರ ಸೇವೆಯಾಯಿತು.

ಮಂಗಳೂರಿಗೆ ಬಂದ ಅವರು 1899ರಿಂದ 1901ರವರೆಗೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಕಮಾನು, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ರೋಮಿನಲ್ಲಿ ಪಿಡುಗಿನ ರೋಗಿಗಳ ಶುಶ್ರೂಷೆ ಮಾಡುತ್ತಾ 1591ರಲ್ಲಿ, ಕೇವಲ 23ರ ಹರೆಯದಲ್ಲಿ, ಪ್ರಾಣವಿತ್ತ ಸಂತ ಅಲೋಶಿಯಸ್ ಗೊನ್ಜಾಗರ ಜೀವನಚರಿತ್ರೆ ಅಲ್ಲಿನ ಮಾಳಿಗೆಯ ಮೇಲೆ ತೆರೆದುಕೊಳ್ಳುತ್ತದೆ. ಮೊಸ್ಕೇನಿಯವರು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿಯೂ, ಹಸಿ ಗಾರೆಯ ಮೇಲೆ ಭಿತ್ತಿಚಿತ್ರಗಳಾಗಿಯೂ ಬರೆದರು. ಹಸಿ ಗಾರೆಯ ಕೆಲಸದಲ್ಲಿ ಸುಣ್ಣ ಒಣಗುವ ಮುನ್ನವೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾದಂತೆ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ತಡಮಾಡಿದರೆ ಅದು ಮೇಲೆಯೇ ನಿಂತು ಕಾಲಕ್ರಮೇಣ ಉದುರುತ್ತದೆ. ಬೇಲೂರಿನ ಬಳಪದ ಕಲ್ಲಿನ ಗುಣವೂ ಹೀಗೆಯೇ. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಕಠಿಣ.

ಮೊಸ್ಕೇನಿಯವರ ಕೊನೆಯ ಕಾರ್ಯಕ್ಷೇತ್ರ ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯ. ಅದರ ಅಭಿಷೇಕ 1905ರ ನವೆಂಬರ್ 19ರಂದು ನಡೆಯಿತು. ಅದಕ್ಕೆ ನಾಲ್ಕೇ ದಿನಗಳ ಮುನ್ನ ಅವರು ಕಣ್ಮುಚ್ಚಿದ್ದರು. ತಾವು ಅಲಂಕರಿಸಿದ ಆಲಯದ ಹಬ್ಬವನ್ನು ಅವರು ಕಾಣಲಿಲ್ಲ.

ಮಕ್ಕಳು ಮೌನವಾಗಿ ಕೇಳಿದರು. ಆದರೆ ನನ್ನ ಅಂತಃಕರಣ ಮೌನವಾಗಿರಲಿಲ್ಲ. ಓದುಗರೇ, ನಾನು ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಯುವಗುರುವಾಗಿದ್ದಾಗ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಬೆಳ್ಳಿಹಬ್ಬ ಬಂದಿತ್ತು. ಪೀಠದ ಹಿಂದಿನ ಗೋಡೆಯಲ್ಲಿ ಸ್ಥಳೀಯ ಕಲಾವಿದನೊಬ್ಬ ಬರೆದಿದ್ದ ಕುರುಬರ ಚಿತ್ರವಿತ್ತು. ಅಲ್ಲಲ್ಲಿ ಬಣ್ಣ ಮಾಸಿತ್ತು. ಯಾರನ್ನೂ ಕೇಳದೆ ಅದರ ಮೇಲೆ ತಿಳಿನೀಲಿ ಬಣ್ಣ ಬಳಿಸಿದೆ. ಭಾನುವಾರ ಪೂಜೆಯ ಬಳಿಕ ವೃದ್ಧರೊಬ್ಬರು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. “ಸ್ವಾಮಿ, ಅದು ನಮ್ಮಪ್ಪ ಬರೆದದ್ದು,” ಎಂದಷ್ಟೇ ಹೇಳಿ ಹೊರಟುಹೋದರು. ನಾನು ಕ್ಷಮೆ ಕೇಳಲಿಲ್ಲ. ಅವರ ತಂದೆಯ ಹೆಸರನ್ನೂ ಕೇಳಲಿಲ್ಲ.

ಮಂಗಳೂರಿನ ಚಿತ್ರಗಳು ಮಾಸಿದಾಗ 1990ರ ದಶಕದಲ್ಲಿ ಪರಿಣತರು ಅವನ್ನು ಜತನದಿಂದ ಸಂರಕ್ಷಿಸಿದರು. ನಾನು ಮುಚ್ಚಿಸಿದ ಚಿತ್ರಕ್ಕೆ ಆ ಭಾಗ್ಯ ದೊರೆಯಲಿಲ್ಲ.

ಬೇಲೂರಿನಿಂದ ಮರಳಿದ ವಾರವೇ ಆ ಹಳ್ಳಿಗೆ ಹೋದೆ. ವೃದ್ಧರು ತೀರಿಕೊಂಡಿದ್ದರು. ಅವರ ಸೊಸೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಕಲಾವಿದನ ಹೆಸರನ್ನು ಹೇಳಿದರು. ತಡವಾಗಿ ಕೇಳಿದ ಕ್ಷಮೆಯನ್ನು ಆ ತಾಯಿ ಸ್ವೀಕರಿಸಿದರು. ಆ ಹೆಸರು ಈಗ ಆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿದೆ. ನವೆಂಬರ್ 2ರಂದು, ಸಮಸ್ತ ಮೃತರ ಸ್ಮರಣೆಯ ದಿನ, ಪೀಠದ ಮುಂದೆ ಅದನ್ನು ಓದಿದೆ.

ನಿಮ್ಮ ದೇವಾಲಯದಲ್ಲಿಯೂ ಒಂದು ಚಿತ್ರ, ಒಂದು ಸ್ವರೂಪ, ಒಂದು ಮರದ ಕೆತ್ತನೆ ಇದ್ದೀತು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಅದನ್ನು ಮಾಡಿದವರು ಯಾರೆಂದು ಹಿರಿಯರನ್ನು ಕೇಳಿರಿ; ಬಲ್ಲವರು ಇರುವಾಗಲೇ ಹೆಸರನ್ನು ಬರೆದಿಡಿರಿ. ನಿಮ್ಮ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.