ಧ್ವನಿಯ ಹೊಸ್ತಿಲಲ್ಲಿ ಮೋಡದ ಕೊಡೆ

(ಹಳೆಯ ವಿದ್ಯಾರ್ಥಿನಿಯೊಬ್ಬರಿಂದ)

ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರಿಂದ ಆಜ್ಞೆಯಾಗಿದೆ. ಹಳೆಯ ವಿದ್ಯಾರ್ಥಿನಿಯರು ಇಂಥ ಪುಟಗಳಲ್ಲಿ ಹಾಸ್ಟೆಲಿನ ಊಟವನ್ನೂ, ಪ್ರಾತಃಕಾಲದ ಘಂಟಾನಾದವನ್ನೂ, ಉಪಾಧ್ಯಾಯಿನಿಯರ ವಾತ್ಸಲ್ಯವನ್ನೂ ನೆನೆಯುವುದು ವಾಡಿಕೆ. ಆ ನೆನಪುಗಳು ನನಗೂ ಉಂಟು. ಆದರೆ ಈ ಸಲ ಆಕಾಶದಲ್ಲಿ ಕಂಡ ಒಂದು ನೋಟವನ್ನು ಕುರಿತು ಬರೆಯಲು ಅಪ್ಪಣೆ ಬೇಡುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತಳಾದವಳಿಗೆ ಇಷ್ಟು ಚಾಪಲ್ಯ ಕ್ಷಮ್ಯವೆಂದು ನಂಬಿದ್ದೇನೆ.

ಜೆಟ್ ಯುದ್ಧವಿಮಾನವೊಂದು ಧ್ವನಿಯ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಹಾರುವಾಗ, ಕೆಲವು ವೇಳೆ ಅದರ ನಡುಮೈಯನ್ನು ಬಿಳಿಯ ಮೋಡವೊಂದು ಸುತ್ತಿಕೊಳ್ಳುತ್ತದೆ. ಮುಂದೆ ಕಿರಿದಾಗಿ, ಹಿಂದೆ ಅಗಲವಾಗಿ, ಕೊನೆಯಲ್ಲಿ ಕತ್ತರಿಸಿದಂತೆ ನಿಂತುಬಿಡುವ ಈ ಮೋಡವು ಬಿಚ್ಚಿದ ಕೊಡೆಯಂತೆ ತೋರುವುದು. 1999ನೆಯ ಇಸವಿ ಜುಲೈ 7ರಂದು ಅಮೆರಿಕದ ನೌಕಾಪಡೆಯ ಜಾನ್ ಗೇ ಎಂಬುವರು ‘ಕಾನ್‌ಸ್ಟೆಲೇಷನ್’ ಎಂಬ ವಿಮಾನವಾಹಕ ಹಡಗಿನ ಮೇಲಿಂದ ಇಂಥದೊಂದು ಚಿತ್ರವನ್ನು ತೆಗೆದರು. ಅದು ಲೋಕಪ್ರಸಿದ್ಧವಾಯಿತು. ಮಕ್ಕಳ ಪುಸ್ತಕಗಳಲ್ಲಿ ನೀವೂ ಆ ಚಿತ್ರವನ್ನು ಕಂಡಿರಬಹುದು.

ನಾನು ಅದನ್ನು ಕಣ್ಣಾರೆ ಕಂಡದ್ದು 2023ರ ಅಕ್ಟೋಬರಿನಲ್ಲಿ, ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ. ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಕ್ಟೋಬರ್ ಮಾಸದಲ್ಲಿ ನೌಕಾಪಡೆಯ ವಾರವೆಂಬ ಉತ್ಸವ ನಡೆಯುವುದು. ‘ಬ್ಲೂ ಏಂಜಲ್ಸ್’ ಎಂಬ ನೀಲಿ ವಿಮಾನಗಳ ತಂಡವು ಕೊಲ್ಲಿಯ ಮೇಲೆ ತನ್ನ ಕೌಶಲವನ್ನು ತೋರಿಸುವುದು. ಅಳಿಯಂದಿರು ನಮ್ಮನ್ನು ದಡದ ಹುಲ್ಲುಹಾಸಿಗೆ ಕರೆದೊಯ್ದರು. ಎದುರಿಗೆ ಆಲ್ಕಟ್ರಾಜ್ ದ್ವೀಪ, ಎಡಗಡೆಗೆ ಗೋಲ್ಡನ್ ಗೇಟ್ ಸೇತುವೆ. ಎಲ್ಲರೂ ಒಂದೆಡೆ ಹೊರಳುತ್ತಿದ್ದ ನಾಲ್ಕು ವಿಮಾನಗಳನ್ನು ನೋಡುತ್ತಿರುವಾಗಲೇ, ಮತ್ತೊಂದು ದಿಕ್ಕಿನಿಂದ ಒಂಟಿ ವಿಮಾನವು ನೀರನ್ನು ಮುಟ್ಟುವುದೋ ಎಂಬಂತೆ ಬಂದು ನಮ್ಮೆದುರು ಸಾಗಿಹೋಯಿತು. ಕಣ್ಣು ರೆಪ್ಪೆ ಹೊಡೆಯುವಷ್ಟು ಕಾಲ ಆ ಬಿಳಿಯ ಕೊಡೆ ಬಿಚ್ಚಿ ಮುಚ್ಚಿತು. ಶಬ್ದವು ಎದೆಯನ್ನು ಗುದ್ದಿದಂತೆ ಬಂದಿತು. ಹತ್ತು ವರ್ಷದ ಮೊಮ್ಮಗಳು ಬೆಚ್ಚಿ ನನ್ನ ಸೆರಗನ್ನು ಹಿಡಿದುಕೊಂಡಳು.

ಆ ವೇಗವು ಗಂಟೆಗೆ ಸುಮಾರು 700 ಮೈಲಿ, ಎಂದರೆ 1,100 ಕಿಲೋಮೀಟರಿಗೂ ಮೇಲೆ. ಸಮುದ್ರಮಟ್ಟದ ತಂಪುಗಾಳಿಯಲ್ಲಿ ಧ್ವನಿಯು ಗಂಟೆಗೆ ಸುಮಾರು 1,225 ಕಿಲೋಮೀಟರು ಚಲಿಸುವುದು. ಒಂದು ಮೈಲಿ ದೂರದಲ್ಲಿ ವಿಮಾನವು ಮಾಡಿದ ಸದ್ದು ನಮ್ಮ ಕಿವಿಗೆ ಮುಟ್ಟಲು ಐದು ಸೆಕೆಂಡುಗಳಿಗೆ ಸ್ವಲ್ಪ ಕಡಿಮೆ ಹಿಡಿಯುವುದು. ಅದೇ ದೂರವನ್ನು ಕ್ರಮಿಸಲು ವಿಮಾನಕ್ಕೆ ಐದು ಸೆಕೆಂಡುಗಳಿಗೆ ಸ್ವಲ್ಪ ಹೆಚ್ಚು ಸಾಕು. ಬರುತ್ತೇನೆಂದು ಹೇಳಿಕಳುಹಿಸಿದ ದೂತನೂ ಬರುವ ಅತಿಥಿಯೂ ಬಾಗಿಲಿಗೆ ಒಟ್ಟಿಗೇ ಬಂದಂತೆ! ಆದುದರಿಂದಲೇ ಈ ಹಾರಾಟವು ಸಾವಿರಾರು ಜನರನ್ನು ಏಕಕಾಲದಲ್ಲಿ ಬೆಚ್ಚಿಬೀಳಿಸುವುದು.

ಪಕ್ಕದಲ್ಲಿದ್ದ ಮಹನೀಯರೊಬ್ಬರು, ಧ್ವನಿಯ ಗೋಡೆಯನ್ನು ಈಗತಾನೆ ಒಡೆದನೆಂದೂ ಆ ಮೋಡವೇ ಅದಕ್ಕೆ ಸಾಕ್ಷಿಯೆಂದೂ ತಮ್ಮ ಮಕ್ಕಳಿಗೆ ವಿವರಿಸಿದರು. ಮೊಮ್ಮಗಳು ನನ್ನ ಮುಖವನ್ನು ನೋಡಿ, “ಅಜ್ಜೀ, ನಿಜವೇ?” ಎಂದಳು.

ನಿಜವಲ್ಲ. ಸೈಕಲ್ಲಿನ ಚಕ್ರದಿಂದ ಗಾಳಿಯನ್ನು ಬಿಟ್ಟವರಿಗೆ ಅದು ಬೆರಳಿಗೆ ತಣ್ಣಗೆ ತಗಲುವುದೆಂದು ಗೊತ್ತು. ಒತ್ತಡ ತಗ್ಗಿ ಗಾಳಿ ಥಟ್ಟನೆ ಹಿಗ್ಗಿದರೆ ಅದು ತಣ್ಣಗಾಗುವುದು. ತಂಪಾದ ಸೋಡಾ ಸೀಸೆಯನ್ನು ತೆರೆದೊಡನೆ ಅದರ ಕಂಠದಲ್ಲಿ ತೆಳ್ಳನೆಯ ಮಂಜು ಕಾಣಿಸಿ ಮಾಯವಾಗುವುದೂ ಇದೇ ಕಾರಣದಿಂದ. ವಿಮಾನದ ರೆಕ್ಕೆಗಳ ಮೇಲೂ ಮೈಯ ಉಬ್ಬುಗಳ ಮೇಲೂ ಗಾಳಿಯು ಇನ್ನೂ ವೇಗವಾಗಿ ಜಾರಬೇಕಾಗುವುದು. ಅಲ್ಲಿ ಒತ್ತಡ ತಗ್ಗುವುದು, ಗಾಳಿ ತಣ್ಣಗಾಗುವುದು, ಅದರಲ್ಲಿರುವ ನೀರಾವಿಯು ಕಣ್ಣಿಗೆ ಕಾಣುವ ಸೂಕ್ಷ್ಮ ಹನಿಗಳಾಗುವುದು. ವಿಮಾನವು ಧ್ವನಿಗಿಂತ ತುಸು ಹಿಂದಿರುವಾಗಲೇ ಅದರ ಮೈಮೇಲಣ ಗಾಳಿಯು ಅಲ್ಲಲ್ಲಿ ಧ್ವನಿಯ ವೇಗವನ್ನು ಮೀರಿರುವುದುಂಟು. ಅಂಥ ಗಾಳಿಯು ಮತ್ತೆ ನಿಧಾನಿಸುವ ಎಡೆಯಲ್ಲಿ ಒತ್ತಡವೂ ಶಾಖವೂ ಒಮ್ಮೆಗೇ ಏರುವುವು. ಅದಕ್ಕೆ ಆಘಾತದ ಅಲೆಯೆಂದು ಹೆಸರು. ಹನಿಗಳು ಅಲ್ಲಿಯೇ ಆರಿಹೋಗುವುದರಿಂದ ಮೋಡದ ಹಿಂಬದಿಯು ಕತ್ತರಿಸಿದಂತೆ ಕಾಣುವುದು. ಇದು ಹೊಗೆಯಲ್ಲ, ಎಂಜಿನ್ನಿನ ಹಬೆಯೂ ಅಲ್ಲ. ಅಲ್ಲಿದ್ದ ಗಾಳಿಯ ತೇವವೇ ಕ್ಷಣಕಾಲ ತಳೆದ ರೂಪ. ಬೆಟ್ಟದ ನೆತ್ತಿಗೆ ಕವಿದ ಮೋಡವು ನಿಂತಂತೆ ಕಂಡರೂ ಅದರೊಳಗಿನ ಗಾಳಿ ಹರಿದುಹೋಗುತ್ತಲೇ ಇರುವಂತೆ, ಈ ಕೊಡೆಯಲ್ಲಿಯೂ ಪ್ರತಿಕ್ಷಣದ ಹನಿ ಬೇರೆ.

ನಮ್ಮ ಯಲಹಂಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಅಲ್ಲಿಯ ವಾಯುಪಡೆಯ ನೆಲೆಯಲ್ಲಿ 1996ರಿಂದ ‘ಏರೋ ಇಂಡಿಯಾ’ ಪ್ರದರ್ಶನಗಳು ನಡೆದಿವೆ. ನಾನು ಎರಡು ಸಲ ಹೋಗಿದ್ದೆ. ಎರಡು ಸಲವೂ ಫೆಬ್ರವರಿಯ ಬಿಸಿಲು, ಒಣ ಗಾಳಿ. ವಿಮಾನಗಳು ಕಡಿದಾಗಿ ತಿರುಗುವಾಗ ರೆಕ್ಕೆಯ ಮೇಲೆ ಹತ್ತಿಯ ಎಳೆಯಂಥ ಮಂಜು ಕಂಡಿತೇ ಹೊರತು ಕೊಡೆ ಕಾಣಲಿಲ್ಲ. ಸಮುದ್ರದ ಅಂಚಿನ ತೇವದಲ್ಲಿ ಕೊಡೆ ಬಿಚ್ಚುವ ವಿಮಾನವು ಬಯಲುಸೀಮೆಯ ಒಣ ಗಾಳಿಯಲ್ಲಿ ಅದೇ ವೇಗದಿಂದ ಹಾರಿದರೂ ಬರಿಮೈಯಲ್ಲಿ ಹೋಗಬಹುದು. ಆದುದರಿಂದ ಮೋಡವು ಧ್ವನಿಯನ್ನು ಮೀರಿದುದಕ್ಕೆ ಸಾಕ್ಷಿಯಲ್ಲ. ‘ಗೋಡೆ’ಯೆಂಬ ಮಾತೂ ಅಷ್ಟೆ. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಎಂಬುವರು ಕ್ಯಾಲಿಫೋರ್ನಿಯದ ಮರುಭೂಮಿಯ ಮೇಲೆ ‘ಬೆಲ್ ಎಕ್ಸ್-1’ ವಿಮಾನದಲ್ಲಿ ಧ್ವನಿಯನ್ನು ಮೀರಿದಾಗ ಯಾವ ಗೋಡೆಯೂ ಎದುರಾಗಲಿಲ್ಲ. ಅದನ್ನು ಹೊಸ್ತಿಲೆಂದು ಕರೆದರೆ ಹೆಚ್ಚು ಒಪ್ಪುವುದೆಂದು ನನ್ನ ಮತ.

ಇಷ್ಟನ್ನೂ ಮಗುವಿಗೆ ತಿಳಿಯುವಂತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅವರು ಅದನ್ನು ದಾಟಬಲ್ಲರು, ಅಲ್ಲವೇ ಅಜ್ಜೀ? ಹಾಗಾದರೆ ಏಕೆ ದಾಟುವುದಿಲ್ಲ?” ಎಂದು ಕೇಳಿದಳು. ಮೂವತ್ತು ವರ್ಷಗಳ ಬೋಧನೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಹೆಚ್ಚಾಗಿ ಕೇಳಿಲ್ಲ.

ಧ್ವನಿಯನ್ನು ಮೀರಿದ ವಿಮಾನವು ತನ್ನ ಹಿಂದೆ ಒತ್ತಡದ ಅಲೆಯೊಂದನ್ನು ಸೆರಗಿನಂತೆ ಎಳೆದುಕೊಂಡು ಹೋಗುವುದು. ಹೊಸ್ತಿಲನ್ನು ದಾಟಿದಾಗ ಒಮ್ಮೆ ಮಾತ್ರ ಸಿಡಿಲಿನ ಸದ್ದಾಗುವುದೆಂದು ಅನೇಕರ ಭಾವನೆ. ಹಾಗಲ್ಲ, ಆ ಸೆರಗು ಹಾದುಹೋದ ಊರೂರಿನಲ್ಲಿಯೂ ಸಿಡಿಲು ಕೇಳುವುದು. ಬೆಂಗಳೂರಿನವರಿಗೆ 2020ರ ಮೇ 20ರ ಮಧ್ಯಾಹ್ನ ನೆನಪಿರಬೇಕು. ಕೊರೋನಾ ವ್ಯಾಧಿಯ ಭಯದಿಂದ ಎಲ್ಲರೂ ಮನೆಯೊಳಗಿದ್ದ ಕಾಲ. ಇದ್ದಕ್ಕಿದ್ದಂತೆ ಮಹಾಶಬ್ದವಾಗಿ ಕಿಟಕಿಗಳು ನಡುಗಿದುವು. ಭೂಕಂಪವೆಂದು ನಮ್ಮ ಬೀದಿಯವರೆಲ್ಲ ಹೊರಗೆ ಬಂದರು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಧ್ವನಿಗಿಂತ ಮೇಲಿನ ವೇಗದಿಂದ ಕೆಳಗಿಳಿಯುವಾಗ ಆ ಶಬ್ದ ಹುಟ್ಟಿರಬಹುದೆಂದು ರಕ್ಷಣಾ ಇಲಾಖೆಯವರು ತಿಳಿಸಿದರು. ಆ ವಿಮಾನವಿದ್ದದ್ದು ಊರಿನ ಎಲ್ಲೆಯಿಂದ ಬಹು ದೂರದಲ್ಲಿ, 36,000ದಿಂದ 40,000 ಅಡಿ ಎತ್ತರದಲ್ಲಿ. ಅದೇ ಅಲೆಯು ದಡದಲ್ಲಿ ನಿಂತ ಜನರ ತಲೆಯ ಮೇಲೆ ಹಾದುಹೋದರೆ ಏನಾದೀತು!

ಹೊಸ್ತಿಲನ್ನು ಸಮೀಪಿಸುವುದರಲ್ಲಿಯೂ ಹದ ತಪ್ಪಬಾರದು. 2012ರ ಜುಲೈ 1ರಂದು ಬ್ರೆಜಿಲ್ ದೇಶದ ರಾಜಧಾನಿ ಬ್ರೆಸಿಲಿಯಾದಲ್ಲಿ ಧ್ವಜ ಬದಲಿಸುವ ಸಮಾರಂಭ ನಡೆದಾಗ, ‘ಮಿರಾಜ್ 2000’ ವಿಮಾನವು ಅತಿ ಕೆಳಗೆ ಅತಿ ವೇಗದಿಂದ ಹಾರಿ, ಸರ್ವೋಚ್ಚ ನ್ಯಾಯಾಲಯದ ಗಾಜುಗಳನ್ನು ಪುಡಿಪುಡಿಮಾಡಿತು.

ಪ್ರೇಕ್ಷಕರ ಸಂತೋಷಕ್ಕಾಗಿ ಹೊಸ್ತಿಲನ್ನು ದಾಟಿ ತೋರಿಸುತ್ತಿದ್ದ ಕಾಲವೂ ಇತ್ತು. ಇಂಗ್ಲೆಂಡಿನ ಫಾರ್ನ್‌ಬರೋ ಪ್ರದರ್ಶನದಲ್ಲಿ 1952ರ ಸೆಪ್ಟೆಂಬರ್ 6ರಂದು ಜಾನ್ ಡೆರಿಯೆಂಬ ಪ್ರಸಿದ್ಧ ವೈಮಾನಿಕರು ‘ಡಿ.ಎಚ್. 110’ ವಿಮಾನವನ್ನು ಎತ್ತರದಿಂದ ಧುಮುಕಿಸಿ ಆ ಸಿಡಿಲನ್ನು ಜನರಿಗೆ ಕೇಳಿಸಿದರು. ಅನಂತರ ಕೆಳಗೆ ಬಂದು ತಿರುಗುವಾಗ ವಿಮಾನವು ಒಡೆದು ಚೂರಾಯಿತು. ಅದಕ್ಕೆ ಕಾರಣ ಸಿಡಿಲಲ್ಲ, ಆ ತಿರುವಿನ ಭಾರವನ್ನು ತಡೆಯಲಾರದ ರೆಕ್ಕೆ. ಎಂಜಿನ್ನುಗಳಲ್ಲೊಂದು ಜನರ ನಡುವೆ ಬಿದ್ದಿತು. ಡೆರಿಯವರೂ ಅವರ ಜೊತೆಗಾರ ಆಂಥೊನಿ ರಿಚರ್ಡ್ಸರೂ ಪ್ರೇಕ್ಷಕರಲ್ಲಿ 29 ಮಂದಿಯೂ ಮಡಿದರು. ಪ್ರೇಕ್ಷಕರಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಹಾರಬೇಕೆಂಬ ಕಟ್ಟುನಿಟ್ಟಾದ ನಿಯಮಗಳು ಆ ಮೇಲೆ ಬಂದುವು. ನಾವು ಹುಲ್ಲಿನ ಮೇಲೆ ನಿರ್ಭಯವಾಗಿ ಕುಳಿತು ಕಡಲೆಕಾಯಿ ತಿನ್ನುತ್ತ ನೋಡಿದ ನೋಟದ ಹಿಂದೆ ಆ ಮೂವತ್ತೊಂದು ಜೀವಗಳ ಬೆಲೆಯಿದೆ.

ಆದುದರಿಂದ ನಾನು ಮಗುವಿಗೆ ಹೇಳಿದ್ದು ಇಷ್ಟೆ: “ದಾಟಲಾರದೆ ನಿಂತವರಲ್ಲಮ್ಮಾ ಅವರು. ಕೆಳಗೆ ನಾವಿದ್ದೇವೆಂದು ನಿಂತವರು.” ಶಕ್ತಿಯು ಎಲ್ಲರಿಗೂ ಕಾಣುವುದು, ಶಕ್ತಿಯನ್ನು ತಡೆಹಿಡಿದ ಕೈ ಯಾರಿಗೂ ಕಾಣುವುದಿಲ್ಲ. ನೂರಕ್ಕೆ ತೊಂಬತ್ತಕ್ಕಿಂತ ಸ್ವಲ್ಪ ಮೇಲೆ, ನೂರಕ್ಕೆ ಕೆಳಗೆ, ಆ ಸಣ್ಣ ಎಡೆಯಲ್ಲಿ ಯಂತ್ರವನ್ನು ನಿಲ್ಲಿಸಿ ನಡೆಸುವುದರಲ್ಲಿಯೇ ಜಾಣ್ಮೆಯಿದೆ. ಕೊಡೆ ಬಿಚ್ಚುವುದೂ ಅಲ್ಲಿಯೇ. ಇವು ಯುದ್ಧಕ್ಕೆಂದು ಹುಟ್ಟಿದ ಯಂತ್ರಗಳೆಂಬುದನ್ನು ನಾನು ಮರೆತಿಲ್ಲ. ಅಂಥವನ್ನು ನಡೆಸುವವರಿಗೆ ಈ ಸಂಯಮವು ಇನ್ನೂ ಹೆಚ್ಚಾಗಿ ಬೇಕು.

ತಾಯಿತಂದೆಗಳಿಗೆ ಒಂದು ಮಾತು. ಅಂದು ಸಾನ್ ಫ್ರಾನ್ಸಿಸ್ಕೋದ ಮೇಲೆ ಹಾರಿದ ತಂಡದಲ್ಲಿ ಅಮಾಂಡಾ ಲೀ ಎಂಬ ಮಹಿಳೆಯಿದ್ದರು. ಆ ತಂಡದ ಜೆಟ್ ವಿಮಾನವನ್ನು ಪ್ರದರ್ಶನದಲ್ಲಿ ನಡೆಸಿದ ಮೊದಲನೆಯ ಹೆಂಗಸು ಅವರೇ. ನಮ್ಮ ದೇಶದಲ್ಲಿಯೂ 2016ರ ಜೂನ್ 18ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುದ್ಧವಿಮಾನದ ವೈಮಾನಿಕರಾಗಿ ವಾಯುಪಡೆಯನ್ನು ಸೇರಿದರು. ಅವರು ಮುಂದಿನ ಶಿಕ್ಷಣವನ್ನು ಪಡೆದದ್ದು ನಮ್ಮ ಬೀದರಿನಲ್ಲಿ. ಮೂರು ತಲೆಮಾರುಗಳ ಹಿಂದೆ ಹೆಣ್ಣುಮಕ್ಕಳಿಗೆ ಹೈಸ್ಕೂಲೇ ಹೊಸ್ತಿಲಾಗಿತ್ತು. ಅಂಥ ಹೊಸ್ತಿಲನ್ನು ದಾಟಬೇಕು. ಪರರಿಗೆ ನೋವಾಗುವ ಹೊಸ್ತಿಲಿನ ಬಳಿ ನಿಲ್ಲಬೇಕು. ಯಾವುದು ಯಾವುದೆಂದು ತಿಳಿಯುವುದಕ್ಕೇ ವಿದ್ಯೆ ಬೇಕಾಗಿರುವುದು.

ನಿಮ್ಮ ಮಗಳು ಆಕಾಶವನ್ನು ನೋಡಿ ಪ್ರಶ್ನೆ ಕೇಳಿದರೆ ಕೆಲಸವಿದೆಯೆಂದು ಅವಳನ್ನು ಕಳುಹಿಸಿಬಿಡಬೇಡಿರಿ. ಉತ್ತರ ತಿಳಿಯದಿದ್ದರೆ ಅವಳ ಜೊತೆಯಲ್ಲಿ ಕುಳಿತು ಹುಡುಕಿರಿ. ಇಂಥ ಪ್ರಶ್ನೆಗಳನ್ನು ಕೇಳಲು ನಮಗೆ ಕಲಿಸಿದ ಶಾಲೆಗೆ ಸದಾ ಶುಭವಾಗಲಿ.