ಬೇವಿನ ಮರದ ಕೆಳಗೆ ಅವ್ವ

ಶಹಾಪುರದಲ್ಲಿ ಕಾಲೇಜು ಓದುವಾಗ ನಮ್ಮ ಕಬಡ್ಡಿ ಪಂದ್ಯಗಳು ನಡೀತಿದ್ದದ್ದು ಬಯಲಲ್ಲೇ. ನಮ್ಮ ಯಾದಗಿರಿ ಜಿಲ್ಲೆಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟೋದು ಮಾಮೂಲು. ಬರಿಗಾಲು ಮಣ್ಣಿಗೆ ಇಟ್ಟರೆ ಕಾದ ಹೆಂಚಿನ ಮೇಲೆ ಇಟ್ಟ ಹಾಗೆ. ಒಂದು ಮಧ್ಯಾಹ್ನ ರೇಡ್‌ಗೆ ಹೋದವನು ತಲೆ ತಿರುಗಿ ಅಲ್ಲೇ ಬಿದ್ದೆ. ಬೇವಿನ ಮರದ ಕೆಳಗೆ ಕೂತು ನೋಡ್ತಿದ್ದ ಅವ್ವ ಓಡಿ ಬಂದು ಸೆರಗಿನಿಂದ ಗಾಳಿ ಹಾಕಿದ್ದಷ್ಟೇ ನೆನಪು.

ಮರುವರ್ಷ ಪಂದ್ಯಗಳು ಹಾಲ್‌ನೊಳಗೆ ಬಂದವು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮ್ಯಾಟ್ ಮೇಲೆ ಆಡೋ ಆಸೆ ನಮಗೆಲ್ಲ ಇದ್ದೇ ಇತ್ತು. ನೆರಳು, ಫ್ಯಾನು, ಕಾಲಿಗೆ ಶೂ! ಆದರೆ ಒಳಗೆ ಜಾಗ ಕಡಿಮೆ. ಆಟಗಾರರು, ಮಾಸ್ತರರು, ಒಂದಿಷ್ಟು ವಿದ್ಯಾರ್ಥಿಗಳು, ಅಷ್ಟಕ್ಕೇ ತುಂಬಿತು. ಸುರಪುರದಿಂದ ಬಸ್ ಹತ್ತಿ ಬಂದಿದ್ದ ಅವ್ವ ಹೊರಗೇ ಉಳಿದಳು.

ಗೆದ್ದು ಹೊರಬಂದಾಗ ಅದೇ ಬೇವಿನ ಕೆಳಗೆ ಕೂತಿದ್ದಳು.

"ಆಟ ನೋಡ್ಲಾಕ ಆಗ್ಲಿಲ್ಲಲ್ಲ ಅವ್ವಾ" ಅಂದೆ.

"ಚಪ್ಪಾಳಿ ಕೇಳಸ್ತಿತ್ತಪಾ. ನೀ ಬೀಳಲಿಲ್ಲಲ್ಲ, ಸಾಕು" ಅಂದಳು.

ಈಗ ಬೆಂಗಳೂರಿನ ಆಫೀಸಿನಲ್ಲಿ ಏಸಿ ಕೆಳಗೆ ಕೂತಾಗ ಆ ಮಾತು ನೆನಪಾಗುತ್ತೆ. ಮಕ್ಕಳ ಆಟವನ್ನು ಬಿಸಿಲಿನಿಂದ ಒಳಗೆ ತರೋದು ಸರಿಯೇ. ಜೊತೆಗೆ, ನೋಡೋಕೆ ಬಂದ ಅವ್ವಂದಿರಿಗೂ ನಾಲ್ಕು ಕುರ್ಚಿ ಹಾಕಿ.